ರಿಯಾಯಿತಿ ದರದ ನೀರು

2025ರ ಅಕ್ಟೋಬರ್ 14ರಂದು ಗೂಗಲ್ ಕಂಪನಿ ವಿಶಾಖಪಟ್ಟಣದಲ್ಲಿ 1,500 ಕೋಟಿ ಡಾಲರ್ ಹೂಡಿ ಎಐ ಕೇಂದ್ರ ಕಟ್ಟುವುದಾಗಿ ಸಾರಿದಾಗ ಬೆಂಗಳೂರಿಗೆ ಸಣ್ಣಗೆ ಹೊಟ್ಟೆ ಉರಿಯಿತು. ಐಟಿ ರಾಜಧಾನಿ ಎನಿಸಿಕೊಂಡವರು ನಾವು, ಹಣ ಹೋದದ್ದು ಪಕ್ಕದ ಆಂಧ್ರಕ್ಕೆ. ವಿರೋಧ ಪಕ್ಷಗಳು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡವು. ಐಟಿ ಸಚಿವ ಪ್ರಿಯಾಂಕ್ ಖರ್ಗೆ ಸುಮ್ಮನಿರಲಿಲ್ಲ. ಆಂಧ್ರ ಸರ್ಕಾರ ಇದಕ್ಕಾಗಿ ಕೊಡುತ್ತಿರುವ ಸವಲತ್ತು 22,000 ಕೋಟಿ ರೂಪಾಯಿಯಷ್ಟಿದೆ, ಭೂಮಿಗೂ ನೀರಿಗೂ ಶೇ 25ರ ರಿಯಾಯಿತಿ ಇದೆ, ನಾವು ಹೀಗೆ ಕೊಟ್ಟಿದ್ದರೆ ಇದೇ ಜನ ಖಜಾನೆ ದಿವಾಳಿ ಎನ್ನುತ್ತಿರಲಿಲ್ಲವೇ ಎಂದು ತಿರುಗೇಟು ಕೊಟ್ಟರು. ವಾದ ಕೆಲವು ದಿನ ನಡೆಯಿತು. ಯಾರು ಕಳೆದುಕೊಂಡರು, ಯಾರು ಗೆದ್ದರು, ಬೆಂಗಳೂರಿನ ಗುಂಡಿಬಿದ್ದ ರಸ್ತೆಗಳೇ ಇದಕ್ಕೆ ಕಾರಣವೇ ಎಂಬಲ್ಲಿಗೆ ಬಂದು ನಿಂತಿತು. ಸಚಿವರ ಪಟ್ಟಿಯಲ್ಲಿದ್ದ ‘ನೀರು’ ಎಂಬ ಬಾಬತ್ತಿನ ಮೇಲೆ ಬೆರಳಿಟ್ಟು, ಅದೆಷ್ಟು ನೀರು, ಯಾರ ಪಾಲಿನ ನೀರು ಎಂದು ಕೇಳಿದವರು ಬಹಳ ಕಡಿಮೆ.

ಹಾಗೆ ಕೇಳದೆ ಬಿಟ್ಟದ್ದು ನೀರಿನ ಬೆಲೆ ಗೊತ್ತಿಲ್ಲದ ಊರೇನಲ್ಲ. ಅದಕ್ಕೆ ಒಂದೂವರೆ ವರ್ಷ ಮೊದಲು, 2024ರ ಮಾರ್ಚ್‌ನಲ್ಲಿ, ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ, ದಿನಕ್ಕೆ 50 ಕೋಟಿ ಲೀಟರ್ ಕೊರತೆ ಇದೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಹೇಳಿದ್ದರು. ತಮ್ಮ ಮನೆಯ ಬೋರ್‌ವೆಲ್ಲೂ ಬತ್ತಿದೆ ಎಂದಿದ್ದರು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್. ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಕಟ್ಟಿತು: 12,000 ಲೀಟರಿಗೆ ಐದು ಕಿಲೋಮೀಟರ್ ಒಳಗಾದರೆ 1,000 ರೂಪಾಯಿ, ಹತ್ತು ಕಿಲೋಮೀಟರ್ ತನಕವಾದರೆ 1,200. ಜಲಮಂಡಳಿಯು ಕುಡಿಯುವ ನೀರಿನಲ್ಲಿ ಕಾರು ತೊಳೆಯುವುದನ್ನೂ ಗಿಡಕ್ಕೆ ಹಾಯಿಸುವುದನ್ನೂ ನಿಷೇಧಿಸಿ, ಮುರಿದವರಿಗೆ 5,000 ರೂಪಾಯಿ ದಂಡ ಎಂದಿತು. ಕೆಲವೇ ದಿನಗಳಲ್ಲಿ 22 ಮನೆಗಳಿಂದ ದಂಡ ವಸೂಲಿಯೂ ಆಯಿತು. ಬಕೆಟ್ಟಿನ ಲೆಕ್ಕ ಹಿಡಿದು ಅಕ್ಕಪಕ್ಕದವರ ಮೇಲೆ ದೂರು ಕೊಡುವಷ್ಟು ಎಚ್ಚರವಾಗಿದ್ದ ಊರು ಇದು. ಎಐ ವಿಷಯ ಬಂದಾಗ ಮಾತ್ರ ಈ ಎಚ್ಚರ ಎಲ್ಲಿ ಹೋಗುತ್ತದೆ?

ಮೊದಲು ಆ ಕಟ್ಟಡದೊಳಗೆ ನಡೆಯುವುದೇನು ಎಂದು ನೋಡೋಣ. ಡೇಟಾ ಸೆಂಟರ್ ಎಂದರೆ ಸಾಲುಸಾಲು ಕಬ್ಬಿಣದ ಕಪಾಟುಗಳು, ಅವುಗಳಲ್ಲಿ ಕಂಪ್ಯೂಟರ್‌ಗಳು. ಹಿಂದೆ ಇವು ಹೆಚ್ಚಾಗಿ ನಮ್ಮ ಇಮೇಲು, ಫೋಟೊ, ಬ್ಯಾಂಕ್ ಲೆಕ್ಕ ಕಾಯುತ್ತಿದ್ದವು. ಎಐ ಬಂದ ಮೇಲೆ ಅವುಗಳ ಜಾಗದಲ್ಲಿ ಜಿಪಿಯು ಎಂಬ ಚಿಪ್ ತುಂಬಿದ ಯಂತ್ರಗಳು ಕೂತಿವೆ. ಕೋಟ್ಯಂತರ ಗುಣಾಕಾರಗಳನ್ನು ಒಂದೇ ಏಟಿಗೆ ಮಾಡಬಲ್ಲ ಈ ಚಿಪ್ಪುಗಳು ಹಳೆಯವಕ್ಕಿಂತ ಎಷ್ಟೋ ಪಟ್ಟು ಕರೆಂಟು ಕುಡಿಯುತ್ತವೆ. ಒಳಗೆ ಹೋದ ಕರೆಂಟಿನ ಪ್ರತಿ ಯೂನಿಟ್ಟೂ ಕೊನೆಗೆ ಆಗುವುದು ಶಾಖವೇ. ಉತ್ತರ ನಮ್ಮ ಮೊಬೈಲಿಗೆ ಬಂದಿರುತ್ತದೆ, ಕಾವು ಅಲ್ಲೇ ಉಳಿದಿರುತ್ತದೆ. ಅದನ್ನು ಹೊರಗೆ ಹಾಕದಿದ್ದರೆ ಯಂತ್ರ ನಿಮಿಷಗಳಲ್ಲಿ ಕೈಕೊಡುತ್ತದೆ. ಹೊರಗೆ ಹಾಕುವ ಅಗ್ಗದ ದಾರಿ ನೀರು. ಕಟ್ಟಡದ ಮೇಲಿನ ಕೂಲಿಂಗ್ ಟವರ್‌ಗಳಲ್ಲಿ ಬಿಸಿನೀರನ್ನು ಸುರಿಸುತ್ತಾರೆ, ಒಂದಷ್ಟು ಆವಿಯಾಗಿ ಹೋಗುತ್ತದೆ, ಹೋಗುವಾಗ ಕಾವನ್ನು ಹೊತ್ತೊಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಹೆಚ್ಚುಕಡಿಮೆ ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಭಾಗದಷ್ಟು ಶಾಖ ಹೋದಂತೆ. ಇದು ಭೌತಶಾಸ್ತ್ರ; ಯಾವ ಕಂಪನಿಯ ಜಾಣತನವೂ ಈ ಲೆಕ್ಕವನ್ನು ಬದಲಿಸಲಾರದು.

ಅಮೆರಿಕದ ಡೇಟಾ ಸೆಂಟರ್‌ಗಳ ಸರಾಸರಿ ಎಂದು ಬಹುಕಾಲದಿಂದ ಬಳಕೆಯಲ್ಲಿರುವ ಅಂಕಿ ಯೂನಿಟ್ಟಿಗೆ 1.8 ಲೀಟರ್. ಅದನ್ನೇ ಹಿಡಿದು ನಮ್ಮ ಲೆಕ್ಕ ಹಾಕಿ ನೋಡಬಹುದು. ನೂರು ಮೆಗಾವಾಟ್‌ನ ಒಂದು ಡೇಟಾ ಸೆಂಟರ್ ದಿನವಿಡೀ ಪೂರ್ತಿ ಓಡಿದರೆ 24 ಲಕ್ಷ ಯೂನಿಟ್. ನೀರು ಸುಮಾರು 43 ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರ್‌ಗಳಾದರೆ ದಿನಕ್ಕೆ 360. ನಗರದ ಒಬ್ಬ ನಿವಾಸಿಗೆ ದಿನಕ್ಕೆ 135 ಲೀಟರ್ ಬೇಕೆಂಬುದು ಸರ್ಕಾರಿ ಮಾನದಂಡ. ಆ ಪ್ರಕಾರ 32,000 ಜನರ ನೀರು. ಕರೆಂಟಿನ ಕಡೆಯಿಂದ ನೋಡಿದರೆ, ಗೃಹಜ್ಯೋತಿಯ ಮಿತಿಯಾದ ತಿಂಗಳಿಗೆ 200 ಯೂನಿಟ್ ಬಳಸುವ 3,60,000 ಮನೆಗಳ ಕರೆಂಟು. ನಮ್ಮ ರಾಜ್ಯದ 2022–27ರ ಡೇಟಾ ಸೆಂಟರ್ ನೀತಿ ಇಟ್ಟುಕೊಂಡ ಗುರಿ 200 ಮೆಗಾವಾಟ್‌ಗೂ ಮೇಲೆ.

ನೀರಿಲ್ಲದೆ ಗಾಳಿಯಿಂದಲೇ ತಣಿಸಬಹುದಲ್ಲ ಎಂದರೆ, ಹೌದು, ತಣಿಸಬಹುದು. ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನ ಹವೆ ಅದಕ್ಕೆ ಚೆನ್ನೈ, ಮುಂಬೈಗಿಂತ ಅನುಕೂಲವೂ ಹೌದು. ಆದರೆ ನೀರು ಉಳಿಸಿದರೆ ಕರೆಂಟು ಹೆಚ್ಚು ಬೇಕು, ಕರೆಂಟು ಉಳಿಸಿದರೆ ನೀರು ಹೆಚ್ಚು ಬೇಕು. ಇನ್ನು ಎಂಥ ನೀರಾದರೂ ಆದೀತು ಎನ್ನುವಂತಿಲ್ಲ. ಯಲಹಂಕ, ಕೊಡಿಗೇಹಳ್ಳಿ ಕಡೆ ಬೋರ್‌ವೆಲ್ ನೀರು ಬಳಸುವವರಿಗೆ ಗೀಸರ್ ಬಿಚ್ಚಿದಾಗ ಕಾಣುವ ಬಿಳಿ ಗಟ್ಟಿ ಪದರ ಗೊತ್ತು. ಕೂಲಿಂಗ್ ಟವರಿನಲ್ಲಿ ಆಗುವುದೂ ಅದೇ. ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿದು ಗಟ್ಟಿಯಾಗುತ್ತದೆ. ಆದ್ದರಿಂದ ಆಗಾಗ ಉಳಿದ ನೀರನ್ನು ಚೆಲ್ಲಿ ಹೊಸದನ್ನು ತುಂಬಬೇಕು, ತುಂಬುವ ನೀರನ್ನು ಮೊದಲೇ ಮೆದುಗೊಳಿಸಿರಬೇಕು. ಚಿಪ್ಪಿನ ಪಕ್ಕದಲ್ಲೇ ಮುಚ್ಚಿದ ಕೊಳವೆಯಲ್ಲಿ ದ್ರವ ಹರಿಸುವ ಹೊಸ ವಿಧಾನಗಳು ಬಂದಿವೆ. ಒಳ್ಳೆಯವೇ. ಆದರೂ ಆ ದ್ರವ ಹೊತ್ತು ತಂದ ಕಾವನ್ನು ಕೊನೆಗೆ ಎಲ್ಲೋ ಒಂದೆಡೆ ಇಳಿಸಲೇಬೇಕು.

ಒಂದು ಪ್ರಶ್ನೆಗೆ ಎಷ್ಟು ನೀರು ಎಂಬ ಜಗಳ ಇನ್ನೊಂದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆಯ ಶಾವೊಲೈ ರೆನ್ ಮತ್ತು ಸಂಗಡಿಗರು 2023ರಲ್ಲಿ ಒಂದು ಅಂದಾಜು ಕೊಟ್ಟರು: ಜಿಪಿಟಿ-3ರಂಥ ಮಾದರಿ ಹತ್ತರಿಂದ ಐವತ್ತು ಮಧ್ಯಮ ಗಾತ್ರದ ಉತ್ತರ ಬರೆಯುವಷ್ಟರಲ್ಲಿ ಅರ್ಧ ಲೀಟರ್ ನೀರು ಖರ್ಚು, ಅದನ್ನು ತರಬೇತುಗೊಳಿಸುವುದಕ್ಕೇ ಏಳು ಲಕ್ಷ ಲೀಟರ್ ಆವಿಯಾಗಿರಬಹುದು. ಜಗತ್ತಿನ ಪತ್ರಿಕೆಗಳೆಲ್ಲ ಅರ್ಧ ಲೀಟರಿನ ಬಾಟಲಿಯ ಚಿತ್ರ ಹಾಕಿದವು. 2025ರ ಜೂನ್‌ನಲ್ಲಿ ಓಪನ್‌ಎಐನ ಸ್ಯಾಮ್ ಆಲ್ಟ್‌ಮನ್, ಸರಾಸರಿ ಒಂದು ಪ್ರಶ್ನೆಗೆ ಬೇಕಾಗುವುದು 0.34 ವಾಟ್-ಗಂಟೆ ವಿದ್ಯುತ್ತು, ಟೀ ಚಮಚದ ಹದಿನೈದನೇ ಒಂದು ಭಾಗ ನೀರು ಎಂದರು. ಆಗಸ್ಟ್‌ನಲ್ಲಿ ಗೂಗಲ್, ಜೆಮಿನಿಯ ಒಂದು ಸಾಧಾರಣ ಪ್ರಶ್ನೆಗೆ ಐದು ಹನಿ ಸಾಕು ಎಂದಿತು. ಚಿಪ್ಪುಗಳೂ ಮಾದರಿಗಳೂ ಸುಧಾರಿಸಿವೆ ಎಂಬುದು ನಿಜ. ವಿದ್ಯುತ್ ತಯಾರಿಸುವ ಸ್ಥಾವರದಲ್ಲಿ ಖರ್ಚಾಗುವ ನೀರನ್ನು ಗೂಗಲ್ ಆ ಐದು ಹನಿಯಲ್ಲಿ ಸೇರಿಸಿಲ್ಲ ಎಂಬುದೂ ನಿಜ. ತಾನೇ ಅಳೆದು, ತಾನೇ ಆರಿಸಿ, ತಾನೇ ಪ್ರಕಟಿಸಿದ ಅಂಕಿಯನ್ನು ಹೊರಗಿನವರು ಪರೀಕ್ಷಿಸುವ ದಾರಿ ಇಲ್ಲ.

ನನಗೆ ಈ ಹನಿಯ ಜಗಳದಲ್ಲಿ ಆಸಕ್ತಿ ಕಡಿಮೆ. ಐದು ಹನಿ ಎಂದೇ ಒಪ್ಪೋಣ. ಹಾಗಾದರೆ ವಿಶಾಖಪಟ್ಟಣದಲ್ಲಿ ಸಾವಿರ ಮೆಗಾವಾಟ್ ಯಾಕೆ ಬೇಕು? ಯಲಹಂಕದಲ್ಲಿ ರಾಜ್ಯದ ಮೊದಲ ಅನಿಲ ವಿದ್ಯುತ್ ಸ್ಥಾವರ ಇದೆ, 370 ಮೆಗಾವಾಟ್‌ನದು. ಅಂಥವು ಮೂರು ಹಗಲುರಾತ್ರಿ ಓಡಿದರಷ್ಟೇ ಆ ಒಂದು ಕೇಂದ್ರದ ಹೊಟ್ಟೆ ತುಂಬೀತು. ಉತ್ತರ ಕಷ್ಟದ್ದಲ್ಲ. ಪ್ರಶ್ನೆಗೆ ಉತ್ತರ ಬರೆಯುವುದು ವ್ಯಾಪಾರದ ಒಂದು ತುಂಡು ಮಾತ್ರ. ತರಬೇತಿ ಇದೆ, ವಿಡಿಯೊ ಇದೆ, ನಾವು ಕೇಳದಿದ್ದರೂ ಹುಡುಕಾಟದ ಪುಟದ ನೆತ್ತಿಯಲ್ಲಿ ಬಂದು ಕೂರುವ ಎಐ ಸಾರಾಂಶ ಇದೆ, ಐದು ವರ್ಷದ ಮೇಲೆ ಬರಬಹುದಾದ ಗಿರಾಕಿಯ ನಿರೀಕ್ಷೆಯಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ್ದು 41,500 ಕೋಟಿ ಯೂನಿಟ್, ಇಡೀ ಕರ್ನಾಟಕ ವರ್ಷಕ್ಕೆ ಬಳಸುವುದರ ನಾಲ್ಕು ಪಟ್ಟಿಗೂ ಮೇಲೆ. 2030ಕ್ಕೆ ಇದು 94,500 ಕೋಟಿ ಆಗಬಹುದು ಎಂಬ ಅಂದಾಜು ಅದರದು. ಗೂಗಲ್ ಕಂಪನಿಯೊಂದೇ 2023ರಲ್ಲಿ ಖರ್ಚು ಮಾಡಿದ ನೀರು ಸುಮಾರು 2,300 ಕೋಟಿ ಲೀಟರ್. ಕಾವೇರಿ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರಿನಂತೆ ಬೆಂಗಳೂರಿಗೆ ಒಂದು ತಿಂಗಳು ಹರಿಸಬಲ್ಲ ನೀರು ಅದು.

ಇಷ್ಟಾದರೂ ನಗರದ ಉತ್ತರ ಭಾಗದ ಹೆಬ್ಬಾಳದಲ್ಲೋ ಆರ್.ಟಿ. ನಗರದಲ್ಲೋ ನಿಂತು ನೋಡಿದರೆ ಎಐ ಕಣ್ಣಿಗೆ ಬೀಳುವುದಿಲ್ಲ. ನಗರದ ದೊಡ್ಡ ಡೇಟಾ ಸೆಂಟರ್‌ಗಳು ಹೆಚ್ಚಿನವು ವೈಟ್‌ಫೀಲ್ಡ್ ಕಡೆ. ನಾವು ಕೇಳಿದ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಬೇಯುವುದು ಮುಂಬೈಯಲ್ಲೋ ಸಿಂಗಪುರದಲ್ಲೋ ಅಮೆರಿಕದ ಯಾವುದೋ ಬಯಲಿನಲ್ಲೋ. ನಮ್ಮ ‘ಶುಭೋದಯ’ ಸಂದೇಶದಲ್ಲಿ ಈಗ ಬರುವ ಎಐ ಬಿಡಿಸಿದ ಸೂರ್ಯನಿಗೂ ಎಐ ಬಿಡಿಸಿದ ಕಾಫಿ ಲೋಟಕ್ಕೂ ಬೇರೆ ಯಾವುದೋ ಊರಿನ ನೀರು ಆವಿಯಾಗಿದೆ. 2025ರ ಮಾರ್ಚ್‌ನಲ್ಲಿ ಮನೆಮಂದಿಯ ಫೋಟೊಗಳನ್ನೆಲ್ಲ ಜಪಾನಿ ಕಾರ್ಟೂನು ಮಾಡುವ ಹುಚ್ಚು ಹಬ್ಬಿದಾಗ, ನಮ್ಮ ಜಿಪಿಯುಗಳು ಕರಗುತ್ತಿವೆ ಎಂದು ಆಲ್ಟ್‌ಮನ್ ತಮಾಷೆ ಮಾಡಿದರು. ನಾವೂ ನಕ್ಕೆವು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ನಮ್ಮದೇ. ಬರುವವಳು ಯಾರ ಬಾವಿಗೆ ಬರುತ್ತಾಳೆ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳುವುದಕ್ಕೆ ಉತ್ತರ ಬೆಂಗಳೂರಿನವರಿಗೆ ಬೇರೆಯವರಿಗಿಂತ ಹೆಚ್ಚು ಕಾರಣವಿದೆ.

ಏಕೆಂದರೆ ಇಡೀ ನಗರಕ್ಕೆ ಮೊದಲು ನಲ್ಲಿ ನೀರು ಕೊಟ್ಟ ದಿಕ್ಕು ಇದು. ಯಲಹಂಕದಾಚೆ ಹೆಸರಘಟ್ಟದಲ್ಲಿ ಅರ್ಕಾವತಿಗೆ ಕಟ್ಟಿದ ಕೆರೆಯಿಂದ, ಸೋಲದೇವನಹಳ್ಳಿಯ ಉಗಿಯಂತ್ರದ ಪಂಪಿನ ಮೂಲಕ, ಮಲ್ಲೇಶ್ವರದ ಶುದ್ಧೀಕರಣ ಘಟಕಕ್ಕೆ ನೀರು ತಂದದ್ದು 1890ರ ದಶಕದಲ್ಲಿ. ಬರ ಕಂಡ ಊರಿಗೆ ಅದು ದೊಡ್ಡ ಸಂಗತಿ. ನಾಲ್ಕು ದಶಕದೊಳಗೆ ಅದು ಸಾಲದಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಬಂತು. ಅದೂ ಸಾಲದೆ 1974ರಲ್ಲಿ ಕಾವೇರಿ. ಆಮೇಲೆ ಒಂದರ ಹಿಂದೆ ಒಂದು ಹಂತ, ಕೊನೆಯದು 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೆಯದು. ಈ ನಡುವೆ ಅರ್ಕಾವತಿಯ ಹಳ್ಳಗಳಿಗೆ ಲೇಔಟುಗಳು ಅಡ್ಡ ಬಂದವು, ನೀಲಗಿರಿ ತೋಪುಗಳು ಬೆಳೆದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು, ಹೆಸರಘಟ್ಟದ ಕೆರೆ ದಶಕಗಳ ಕಾಲ ಬತ್ತಿ ಹುಲ್ಲುಗಾವಲಾಯಿತು. ನೀರು ಕೊಡುತ್ತಿದ್ದ ದಿಕ್ಕು ಈಗ ಕಾವೇರಿ ಕೊಳವೆಯ ಬಾಲದ ತುದಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಮಾಡಿ, ನೂರು ಕಿಲೋಮೀಟರ್ ದೂರದಿಂದ ಏರಿಸಿ ತಂದ ನೀರು ಇಡೀ ಊರು ದಾಟಿಕೊಂಡು ಬ್ಯಾಟರಾಯನಪುರ, ಯಲಹಂಕದ ಸಂಪಿಗೆ ಬೀಳಬೇಕು. ಬೆಂಗಳೂರು ನಗರ ಜಿಲ್ಲೆಯ ಅಂತರ್ಜಲವಂತೂ ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಅತಿಬಳಕೆಯ ಪಟ್ಟಿಯಲ್ಲಿದೆ. ಅಂದರೆ ಮಳೆ ತುಂಬಿದ್ದಕ್ಕಿಂತ ನಾವು ಎಳೆದದ್ದೇ ಜಾಸ್ತಿ.

ಇಲ್ಲಿ ನೀರು ಬೇರೆ, ಕರೆಂಟು ಬೇರೆ ಎಂದು ನೋಡಲಾಗದು. ಕಾವೇರಿ ನೀರನ್ನು ಏರಿಸುವುದೇ ಕರೆಂಟು. 2025ರ ಏಪ್ರಿಲ್‌ನಲ್ಲಿ ಜಲಮಂಡಳಿ ಹನ್ನೊಂದು ವರ್ಷದ ಮೇಲೆ ನೀರಿನ ದರ ಏರಿಸಿದಾಗ ಕೊಟ್ಟ ಮುಖ್ಯ ಕಾರಣಗಳಲ್ಲಿ ವಿದ್ಯುತ್ ಖರ್ಚೂ ಒಂದು. ಕರೆಂಟು ತಯಾರಿಸುವುದಕ್ಕೆ ನೀರು ಬೇಕೆಂಬುದಕ್ಕೂ ಯಲಹಂಕದಲ್ಲೇ ಸಾಕ್ಷಿಯಿದೆ. 1993ರಲ್ಲಿ ಕರ್ನಾಟಕ ವಿದ್ಯುತ್ ನಿಗಮ ಅಲ್ಲಿ ಡೀಸೆಲ್ ಸ್ಥಾವರ ಕಟ್ಟಿತ್ತು. ಅದು ಮುಚ್ಚಿದ ಮೇಲೆ ಅದೇ ಜಾಗದಲ್ಲಿ ಅನಿಲ ಸ್ಥಾವರ ಎದ್ದಿತು. 2020ರ ಅಕ್ಟೋಬರ್‌ನ ಬೆಂಕಿ ಅನಾಹುತ ದಾಟಿ 2024ರಲ್ಲಿ ಉದ್ಘಾಟನೆಯಾಯಿತು. ಅದನ್ನು ತಣಿಸಲು ಆರಿಸಿಕೊಂಡದ್ದು ಜಲಮಂಡಳಿಯ ಜಕ್ಕೂರು ಘಟಕದಲ್ಲಿ ಶುದ್ಧೀಕರಿಸಿದ ಕೊಳಚೆ ನೀರು. ಕಾವೇರಿ ನೀರಿಗೆ ಕೈ ಹಾಕದ ಆ ತೀರ್ಮಾನ ಮೆಚ್ಚಬೇಕಾದದ್ದೇ. ಆದರೆ ಆ ನೀರಿಗೂ ವಾರಸುದಾರರಿದ್ದರು. ಅದೇ ಘಟಕದ ನೀರು ಜೊಂಡು ಬೆಳೆದ ಜೌಗನ್ನು ದಾಟಿ, ಇನ್ನಷ್ಟು ತಿಳಿಯಾಗಿ, ಜಕ್ಕೂರು ಕೆರೆಯನ್ನು ವರ್ಷವಿಡೀ ತುಂಬಿಸುತ್ತಿತ್ತು. ಕೆರೆ ತುಂಬಿದ್ದರಿಂದ ಸುತ್ತಲಿನ ಬಾವಿಗಳಲ್ಲಿ ನೀರಿತ್ತು, ಮೀನುಗಾರರಿಗೆ ಮೀನಿತ್ತು, ಕೊಕ್ಕರೆಗಳಿಗೆ ಜಾಗವಿತ್ತು. ನೀರೆಲ್ಲ ಸ್ಥಾವರಕ್ಕೆ ಹೋದರೆ ಕೆರೆಯ ಗತಿ ಏನು ಎಂದು ಕೆರೆ ಕಾಯುತ್ತಿದ್ದ ನಿವಾಸಿಗಳು ವರ್ಷಗಳ ಮೊದಲೇ ಕೇಳಿದ್ದರು. ಕೊಳಚೆ ನೀರಿಗೇ ಇಷ್ಟು ಜನ ಬಾಧ್ಯಸ್ಥರಿರುವ ಊರಿನಲ್ಲಿ, ‘ನಮ್ಮ ಡೇಟಾ ಸೆಂಟರಿಗೆ ಮರುಬಳಕೆಯ ನೀರು ಸಾಕು’ ಎಂಬ ಮಾತು ಕೇಳಿದ ಕೂಡಲೇ ನೆಮ್ಮದಿಯಾಗಬೇಕಿಲ್ಲ.

ಇನ್ನು ಹೊತ್ತಿನ ಪ್ರಶ್ನೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಹಗಲು ಕೊಡುತ್ತದೆ, ಗಾಳಿಯಂತ್ರಗಳು ಮುಂಗಾರಿನಲ್ಲಿ ಕೊಡುತ್ತವೆ. ಡೇಟಾ ಸೆಂಟರ್ ಬೇಡುವುದು ವರ್ಷದ ಎಲ್ಲ ದಿನ, ದಿನದ ಎಲ್ಲ ಗಂಟೆ, ಒಂದೇ ಸಮ. ‘ನಾವು ನೂರಕ್ಕೆ ನೂರು ಹಸಿರು ವಿದ್ಯುತ್ ಕೊಳ್ಳುತ್ತೇವೆ’ ಎಂಬ ಕಂಪನಿಗಳ ಘೋಷಣೆ ಹೆಚ್ಚಾಗಿ ವರ್ಷದ ಒಟ್ಟು ಲೆಕ್ಕದ್ದು. ರಾತ್ರಿ ಎಂಟು ಗಂಟೆಗೆ ತಂತಿಯಲ್ಲಿ ಹರಿಯುವುದು ರಾಯಚೂರಿನ, ಬಳ್ಳಾರಿಯ ಕಲ್ಲಿದ್ದಲಿನ ಕರೆಂಟೂ ಇರಬಹುದು. ಕರೆಂಟು ಹೋದ ಕ್ಷಣಕ್ಕೆಂದು ಡೀಸೆಲ್ ಜನರೇಟರ್‌ಗಳು ಸಾಲಾಗಿ ಕಾದಿರುತ್ತವೆ. ಹಗಲಿನ ಬಿಸಿಲನ್ನು ರಾತ್ರಿಗೆ ಕೂಡಿಡುವುದಕ್ಕೆಂದೇ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಹೊರಟಿದೆ, ಅದೂ ಸಿಂಗಳೀಕಗಳ ಅಭಯಾರಣ್ಯದೊಳಗೆ. ಅದು ಎಐಗಾಗಿ ಬಂದ ಯೋಜನೆ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ರಾತ್ರಿ ಹಸಿವು ಬೆಳೆದಷ್ಟೂ ಅಂಥ ಯೋಜನೆಗಳ ಪರ ವಾದಿಸುವುದು ಸಲೀಸು. ಲಿಂಗನಮಕ್ಕಿಯಲ್ಲಿ ಊರು ಮುಳುಗಿ ಅರವತ್ತು ವರ್ಷವಾದರೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಕುಟುಂಬಗಳು ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನೂ ಇವೆ. ಬೆಂಗಳೂರಿನ ದೀಪದ ಲೆಕ್ಕದಲ್ಲಿ ಅವರ ಹೆಸರು ಯಾವತ್ತೂ ಬರಲಿಲ್ಲ.

ನೀರು, ಕರೆಂಟು ಬಿಟ್ಟರೆ ಮನುಷ್ಯರ ಬಾಬತ್ತು. ಎಐ ತಾನಾಗಿ ಕಲಿಯುವುದಿಲ್ಲ. ಯಾರೋ ಚಿತ್ರಕ್ಕೆ ಚೀಟಿ ಅಂಟಿಸಬೇಕು, ಯಾರೋ ವಾಕ್ಯ ಓದಿ ದನಿ ಕೊಡಬೇಕು, ಯಾರೋ ಹೇಸಿಗೆಯ ಬರಹಗಳನ್ನು ಓದಿ ‘ಇದು ಬೇಡ’ ಎಂದು ಗುರುತು ಹಾಕಬೇಕು. ಓಪನ್‌ಎಐಗಾಗಿ ಈ ಕೊನೆಯ ಕೆಲಸ ಮಾಡಿದ ಕೆನ್ಯಾದ ಕೆಲಸಗಾರರಿಗೆ ಗಂಟೆಗೆ ಎರಡು ಡಾಲರಿಗೂ ಕಡಿಮೆ ಸಿಗುತ್ತಿತ್ತು ಎಂದು ‘ಟೈಮ್’ ಪತ್ರಿಕೆ 2023ರ ಜನವರಿಯಲ್ಲಿ ಬಯಲು ಮಾಡಿತು. ಕನ್ನಡದ ದನಿಯೂ ಈ ಸಂತೆಗೆ ಬಂದಿದೆ. ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗೂಗಲ್ ನೆರವಿನಿಂದ ನಡೆಯುವ ‘ವಾಣಿ’ ಯೋಜನೆ ದೇಶದ ಜಿಲ್ಲೆ ಜಿಲ್ಲೆಯ ಮಾತನ್ನು ಧ್ವನಿಮುದ್ರಿಸಿ ಎಲ್ಲರಿಗೂ ಮುಕ್ತವಾಗಿ ಬಿಡುತ್ತಿದೆ. ಬೆಂಗಳೂರಿನದೇ ‘ಕಾರ್ಯ’ ಎಂಬ ಲಾಭರಹಿತ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ಓದಿಸಿ ಗಂಟೆಗೆ ಸುಮಾರು ಐದು ಡಾಲರ್ ಕೊಟ್ಟದ್ದು ಜಗತ್ತಿನ ಗಮನ ಸೆಳೆಯಿತು. ನ್ಯಾಯವಾದ ಕೂಲಿ ಕೊಡುವುದೇ ಸುದ್ದಿಯಾಗುವಂಥ ಉದ್ಯಮ ಎಂಥದು ಎಂದು ಅದರಿಂದಲೇ ಊಹಿಸಬಹುದು.

ಹಳ್ಳಿಯಲ್ಲಿ ದನಿ ಕೊಟ್ಟದ್ದು ಹೊಸ ಕೆಲಸವಾದರೆ, ನಗರದಲ್ಲಿ ಹಳೆಯ ಕೆಲಸ ಹೋಗುವ ಭಯ. ನಾಗವಾರದ ಮಾನ್ಯತಾ ಟೆಕ್ ಪಾರ್ಕಿನ ಗೇಟುಗಳಲ್ಲಿ ಬೆಳಗ್ಗೆ ಕೊರಳಪಟ್ಟಿ ಹಾಕಿಕೊಂಡು ಇಳಿಯುವವರಲ್ಲಿ ಕೋಡ್ ಬರೆಯುವವರಷ್ಟೇ ಇಲ್ಲ. ಗ್ರಾಹಕರ ದೂರಿಗೆ ಉತ್ತರಿಸುವವರು, ಬಿಲ್ಲು ಪರಿಶೀಲಿಸುವವರು, ಪರೀಕ್ಷಕರು ಇದ್ದಾರೆ. ಬೆಂಗಳೂರಿನ ‘ದುಕಾನ್’ ಎಂಬ ನವೋದ್ಯಮದ ಮುಖ್ಯಸ್ಥರು 2023ರ ಜುಲೈನಲ್ಲಿ ತಮ್ಮ ಗ್ರಾಹಕ ಸೇವಾ ಸಿಬ್ಬಂದಿಯಲ್ಲಿ ಶೇ 90ರಷ್ಟು ಜನರನ್ನು ತೆಗೆದು ಚಾಟ್‌ಬಾಟ್ ಕೂರಿಸಿದ್ದಾಗಿ ಹೆಮ್ಮೆಯಿಂದ ಬರೆದುಕೊಂಡರು. 2025ರಲ್ಲಿ ಟಿಸಿಎಸ್ 12,000ಕ್ಕೂ ಹೆಚ್ಚು ಜನರನ್ನು ಕೈಬಿಡುವುದಾಗಿ ಹೇಳಿದಾಗ, ಇದಕ್ಕೆ ಎಐ ಕಾರಣವಲ್ಲ ಎಂದಿತು. ಇರಬಹುದು. ಆದರೆ ಯಲಹಂಕ ನ್ಯೂ ಟೌನಿನಲ್ಲಿ ಇಪ್ಪತ್ತು ವರ್ಷದ ಗೃಹಸಾಲ ಹೊತ್ತವರಿಗೆ ಕಾರಣದ ಹೆಸರು ಏನಾದರೂ ಒಂದೇ. ಹೋದ ಕೆಲಸಗಳ ಬದಲಿಗೆ ಡೇಟಾ ಸೆಂಟರ್ ಎಷ್ಟು ಕೆಲಸ ಕೊಡುತ್ತದೆ? ಕಟ್ಟುವಾಗ ಬಹಳ ಜನ ಬೇಕು. ಕಟ್ಟಿದ ಮೇಲೆ ಕಾವಲಿಗೆ, ಉಸ್ತುವಾರಿಗೆ ಬೆರಳೆಣಿಕೆಯಷ್ಟು ಜನ ಸಾಕು. ಒಂದು ಗಾರ್ಮೆಂಟ್ ಕಾರ್ಖಾನೆಯ ಎದುರು ಅದು ಏನೂ ಅಲ್ಲ.

ಇಷ್ಟೆಲ್ಲ ಇದ್ದೂ ಜನ ಯಾಕೆ ಸುಮ್ಮನಿದ್ದಾರೆ ಎಂದರೆ, ‘ಬೆಂಗಳೂರಿನವರಿಗೆ ಏನೂ ಬೇಡ, ಅವರು ಹಾಗೇ’ ಎಂಬ ಸಿದ್ಧ ಉತ್ತರ ಸಿಗುತ್ತದೆ. ನಾನಿದನ್ನು ಒಪ್ಪುವುದಿಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಸೇತುವೆ ಕಟ್ಟುವುದಾಗಿ ಸರ್ಕಾರ 2016ರಲ್ಲಿ ಹೊರಟಾಗ, ಎಂಟುನೂರಕ್ಕೂ ಹೆಚ್ಚು ಮರಗಳು ಉರುಳುತ್ತವೆ ಎಂದು ಗೊತ್ತಾದದ್ದೇ, ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಬಳ್ಳಾರಿ ರಸ್ತೆಯ ಉದ್ದಕ್ಕೂ ಕೈಕೈ ಹಿಡಿದು ನಿಂತರು. ಮಕ್ಕಳು, ನಿವೃತ್ತರು, ಟೆಕ್ಕಿಗಳು, ಅಂಗಡಿಯವರು. ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಅದೇ ಜನ, ಅದೇ ರಸ್ತೆ. ಆಗ ಅವರ ಮುಂದೆ ಮರ ಇತ್ತು, ನಕ್ಷೆ ಇತ್ತು, 1,791 ಕೋಟಿ ಎಂಬ ಅಂಕಿ ಇತ್ತು, ಕೇಳಬೇಕಾದ ಮಂತ್ರಿಯ ಹೆಸರಿತ್ತು. ಎಐ ವಿಷಯದಲ್ಲಿ ಇವೊಂದೂ ಇಲ್ಲ. ನೀರು ಆವಿಯಾಗುವುದು ಕಾಣುವುದಿಲ್ಲ, ಬಿಲ್ಲು ನಮಗೆ ಬರುವುದಿಲ್ಲ, ಮೊಬೈಲಿನ ಕಂಪನಿಗಳು 2025ರಲ್ಲಿ ಎಐ ಚಂದಾವನ್ನು ರೀಚಾರ್ಜ್ ಜತೆ ಬಿಟ್ಟಿಯಾಗಿಯೇ ಕೊಟ್ಟವು. ಕಾರು ತೊಳೆದವನ ವಿಳಾಸ ಜಲಮಂಡಳಿಗೆ ಸಿಕ್ಕಿತು, ಹಾಗಾಗಿ ದಂಡ ಬಿತ್ತು.

ಇನ್ನೊಂದು ಕಾರಣ ಹೇಳಿಕೊಳ್ಳುವುದು ಸ್ವಲ್ಪ ಮುಜುಗರದ್ದು. ಬೆಂಗಳೂರಿನ ಅನ್ನ ಈ ಉದ್ಯಮದಿಂದಲೇ ಬರುತ್ತದೆ. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಟ್ಯಾಂಕರ್ ದರಕ್ಕಾಗಿ ಗಂಟಲು ಹರಿದುಕೊಳ್ಳುವ ಅದೇ ವ್ಯಕ್ತಿ ಮರುದಿನ ಕಚೇರಿಯಲ್ಲಿ ಎಐ ತಂಡದ ಮುಖ್ಯಸ್ಥ. ಅವರು ಕಪಟಿ ಅಲ್ಲ, ಎರಡೂ ಅವರ ಬದುಕೇ. ಎಐನಿಂದ ಉಪಯೋಗವೇ ಇಲ್ಲ ಎನ್ನುವಂತೆಯೂ ಇಲ್ಲ. ಕಣ್ಣು ಕಾಣದವರಿಗೆ ಮೊಬೈಲು ಇಂದು ಪತ್ರಿಕೆ ಓದಿ ಹೇಳುತ್ತಿದೆ. ಉಪಯೋಗವಿದೆ ಎಂಬ ಮಾತ್ರಕ್ಕೆ ಲೆಕ್ಕ ಕೊಡಬೇಕಿಲ್ಲ ಎಂದಾಗುವುದಿಲ್ಲ. ರೈಲು, ಅಣೆಕಟ್ಟು, ಗಣಿ ಎಲ್ಲಕ್ಕೂ ಉಪಯೋಗವಿತ್ತು. ಬಿಡದಿ ಬಳಿ ‘ದೇಶದ ಮೊದಲ ಎಐ ನಗರ’ ಎಂಬ ಹೆಸರಿನಲ್ಲಿ ಸಾವಿರಾರು ಎಕರೆಯ ಟೌನ್‌ಶಿಪ್ ಯೋಜನೆ ಬಂದಾಗ ಭೈರಮಂಗಲ, ಕಂಚುಗಾರನಹಳ್ಳಿಯ ರೈತರು ಬೀದಿಗಿಳಿದದ್ದು ಎಐ ಮೇಲಿನ ಸಿಟ್ಟಿಗಲ್ಲ. ತೆಂಗು, ರೇಷ್ಮೆ, ಹಾಲಿನ ಜಮೀನು ಹೋಗುತ್ತದೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು.

ಲೆಕ್ಕ ಗೊತ್ತಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಆರೆಗನ್ ರಾಜ್ಯದ ದ ಡಾಲ್ಸ್ ಎಂಬ ಪುಟ್ಟ ಊರು ಉದಾಹರಣೆ. ಅಲ್ಲಿ ಗೂಗಲ್ ಡೇಟಾ ಸೆಂಟರಿದೆ. ಅದು ಎಷ್ಟು ನೀರು ಕುಡಿಯುತ್ತದೆ ಎಂದು ‘ದಿ ಆರೆಗೋನಿಯನ್’ ಪತ್ರಿಕೆ ಕೇಳಿದರೆ, ಅದು ವ್ಯಾಪಾರದ ಗುಟ್ಟು ಎಂದು ಊರಿನ ಆಡಳಿತವೇ ಪತ್ರಿಕೆಯ ವಿರುದ್ಧ ಕೋರ್ಟಿಗೆ ಹೋಯಿತು. ವರ್ಷಕ್ಕೂ ಹೆಚ್ಚು ಕಾಲ ಎಳೆದಾಡಿ 2022ರ ಕೊನೆಗೆ ಅಂಕಿ ಹೊರಬಂತು: ಊರು ಬಳಸುವ ಒಟ್ಟು ನೀರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಅದೊಂದಕ್ಕೇ. ಐರ್ಲೆಂಡ್ ವಿದ್ಯುತ್ ಲೆಕ್ಕವನ್ನು ಪ್ರತಿವರ್ಷ ಅಧಿಕೃತವಾಗಿಯೇ ಪ್ರಕಟಿಸುತ್ತದೆ; 2023ರಲ್ಲಿ ದೇಶದ ಮೀಟರ್‌ಗಳಲ್ಲಿ ದಾಖಲಾದ ಕರೆಂಟಿನ ಶೇ 21 ಡೇಟಾ ಸೆಂಟರ್‌ಗಳದು, ನಗರಗಳ ಮನೆಗಳೆಲ್ಲ ಸೇರಿ ಬಳಸಿದ್ದಕ್ಕಿಂತ ಹೆಚ್ಚು ಎಂದು ಗೊತ್ತಾದದ್ದು ಹಾಗೆ. ಡಬ್ಲಿನ್ ಸುತ್ತ ಹೊಸದಕ್ಕೆ ಸಂಪರ್ಕ ಕೊಡುವುದನ್ನು ಅಲ್ಲಿನ ಗ್ರಿಡ್ ಕಂಪನಿ ಬಿಗಿ ಮಾಡಿದ್ದು ವರ್ಷವರ್ಷ ಏರುತ್ತಿದ್ದ ಈ ಬಳಕೆಯ ಹಿನ್ನೆಲೆಯಲ್ಲೇ.

ನಮ್ಮಲ್ಲೂ ಅಂಕಿ ಇಲ್ಲದಿಲ್ಲ. ಮೀಟರು ಬೆಸ್ಕಾಂನದು, ಕಾವೇರಿ ಸಂಪರ್ಕ ಜಲಮಂಡಳಿಯದು, ಬೋರ್‌ವೆಲ್ ಅನುಮತಿ ಅಂತರ್ಜಲ ಪ್ರಾಧಿಕಾರದ್ದು, ಜನರೇಟರಿನ ಪರವಾನಗಿ ಮಾಲಿನ್ಯ ನಿಯಂತ್ರಣ ಮಂಡಳಿಯದು. ನಾಲ್ಕೂ ಸರ್ಕಾರದ್ದೇ ಕಚೇರಿಗಳು. ಒಂದೊಂದು ಡೇಟಾ ಸೆಂಟರಿನ ಹೆಸರಿನ ಮುಂದೆ ತಿಂಗಳ ಯೂನಿಟ್ಟು, ಲೀಟರು, ಆ ಲೀಟರು ಕಾವೇರಿಯದೋ ಬೋರಿನದೋ ಕೊಳಚೆಯದೋ, ಡೀಸೆಲ್ ಓಡಿದ ಗಂಟೆ ಎಷ್ಟು ಎಂದು ಒಂದು ಹಾಳೆಯಲ್ಲಿ ಹಾಕಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಹೆಬ್ಬಾಳ–ನಾಗವಾರ ಕಣಿವೆಯಿಂದ ದಿನಕ್ಕೆ 21 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಹರಿಸುವ ಯೋಜನೆ ಈಗಾಗಲೇ ಇದೆ. ನಾಳೆ ದೇವನಹಳ್ಳಿ ದಾರಿಯಲ್ಲಿ ಯಾವುದಾದರೂ ಎಐ ಕೇಂದ್ರ ಅದೇ ನೀರನ್ನು ಕೇಳಿದರೆ, ಆ ಹಾಳೆ ಮೊದಲು ತಲುಪಬೇಕಾದದ್ದು ಬೆಂಗಳೂರಿನ ಟೆಕ್ಕಿಗಳಿಗಲ್ಲ, ಚಿಕ್ಕಬಳ್ಳಾಪುರದ ರೈತರಿಗೆ. ಈಗಿನ ಡೇಟಾ ಸೆಂಟರ್ ನೀತಿಯ ಅವಧಿ 2027ಕ್ಕೆ ಮುಗಿಯುತ್ತದೆ. ಮುಂದಿನ ನೀತಿಯ ಕರಡು ಬಂದಾಗ ಭೂಮಿ, ಮುದ್ರಾಂಕ ಶುಲ್ಕ, ವಿದ್ಯುತ್ ತೆರಿಗೆಯ ವಿನಾಯಿತಿಗಳ ಪಟ್ಟಿ ಉದ್ದವಾಗಿಯೇ ಇರುತ್ತದೆ. ವಿನಾಯಿತಿ ಪಡೆದವರು ತಿಂಗಳಿಗೊಮ್ಮೆ ನೀರಿನ ಲೆಕ್ಕ ಪ್ರಕಟಿಸಬೇಕು ಎಂಬ ಒಂದು ಸಾಲು ಅದರಲ್ಲಿದೆಯೇ ಎಂದು ಹುಡುಕಿ, ಇಲ್ಲದಿದ್ದರೆ ಆಕ್ಷೇಪಣೆ ಬರೆದು ಕಳಿಸುವುದಕ್ಕೆ ಮಾನವ ಸರಪಳಿಯೂ ಬೇಡ, ಒಂದು ಅಂಚೆ ಚೀಟಿ ಸಾಕು.